ಎಡ ಮಿದುಳೋ, ಬಲ ಮಿದುಳೋ? ಅಳೆಯುವುದು ಹೇಗೆ, ನಂಬುವುದು ಎಷ್ಟು?

ಮಕ್ಕಳ ಪರೀಕ್ಷೆಗಳು ಮುಗಿದು ಫಲಿತಾಂಶ ಬರುವ ಹೊತ್ತಿಗೆ ಹೆತ್ತವರ ತಲೆಬಿಸಿ ಶುರುವಾಗುತ್ತದೆ. ಮುಂದೆ ವಿಜ್ಞಾನವೋ, ವಾಣಿಜ್ಯವೋ, ಕಲೆಯೋ? ಇದೇ ಸಮಯಕ್ಕೆ ಕೆಲವು ಕಡೆ ಒಂದು ಹೊಸ ಬಗೆಯ 'ಪರೀಕ್ಷೆ'ಯ ಕರಪತ್ರ ಕೈಗೆ ಬರುತ್ತದೆ. ಮಗುವಿನ ಹತ್ತು ಬೆರಳುಗಳ ಗುರುತು ಕೊಟ್ಟರೆ ಸಾಕು, ಅದು ಎಡ ಮಿದುಳಿನ ಮಗುವೋ ಬಲ ಮಿದುಳಿನ ಮಗುವೋ ಎಂದು ಹೇಳಿಬಿಡುತ್ತಾರಂತೆ. ಎಡ ಮಿದುಳಿನವರಿಗೆ ಲೆಕ್ಕ, ತರ್ಕ, ಎಂಜಿನಿಯರಿಂಗ್. ಬಲ ಮಿದುಳಿನವರಿಗೆ ಸಂಗೀತ, ಚಿತ್ರಕಲೆ, ಕಲ್ಪನೆ. ಬಣ್ಣಬಣ್ಣದ ನಕ್ಷೆಗಳಿರುವ ವರದಿಯೊಂದು ಕೈಗೆ ಬರುತ್ತದೆ. ಶುಲ್ಕ ಮಾತ್ರ ಸಾವಿರಗಟ್ಟಲೆ.

ಇದರಲ್ಲಿ ನಿಜವೆಷ್ಟು? ಮಿದುಳಿನ ಎಡ-ಬಲ ಭಾಗಗಳಲ್ಲಿ ವ್ಯತ್ಯಾಸ ಇದೆಯೇ? ಇದ್ದರೆ ಅದನ್ನು ಅಳೆಯಬಹುದೇ? ಅಳೆದು ಮಗುವಿನ ಓದು ನಿರ್ಧರಿಸಬಹುದೇ?

ಮೂರು ಪ್ರಶ್ನೆಗಳಿಗೂ ಉತ್ತರವನ್ನು ಮೊದಲೇ ಹೇಳಿಬಿಡೋಣ. ವ್ಯತ್ಯಾಸ ಇರುವುದು ನಿಜ. ಅದನ್ನು ಅಳೆಯುವ ವಿಧಾನಗಳೂ ಇವೆ. ಆದರೆ 'ಎಡ ಮಿದುಳಿನ ಮನುಷ್ಯ', 'ಬಲ ಮಿದುಳಿನ ಮನುಷ್ಯ' ಎಂಬ ಎರಡು ಜಾತಿಗಳು ಇಲ್ಲ. ಹಾಗೆ ವಿಂಗಡಿಸಿ ಮಗುವಿನ ಭವಿಷ್ಯ ಹೇಳಲು ಯಾವ ಪರೀಕ್ಷೆಯಿಂದಲೂ ಸಾಧ್ಯವಿಲ್ಲ.

ಒಂದೇ ಜಲಾಶಯ, ಎರಡು ನಾಲೆ

ಕೊಡಗಿನ ಕುಶಾಲನಗರದ ಸಮೀಪ, ಹುದುಗೂರು ಬಳಿ ಹಾರಂಗಿ ಜಲಾಶಯವಿದೆ. ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆ ಅದರ ಗರಿಷ್ಠ ಮಟ್ಟ 2859 ಅಡಿ ಎಂಬುದು ಬಾಯಿಪಾಠ. ಅಲ್ಲಿ ಸಂಗ್ರಹವಾಗುವ ಎಂಟೂವರೆ ಟಿಎಂಸಿ ನೀರು ಕೊಡಗಿನ ಗದ್ದೆಗಳಿಗೂ, ಆಚೆಗೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರದ ಕಡೆಗೂ ಹರಿಯುತ್ತದೆ. ಈ ಯೋಜನೆಯಲ್ಲಿ ಎಡದಂಡೆ ನಾಲೆಯೂ ಇದೆ, ಬಲದಂಡೆ ನಾಲೆಯೂ ಇದೆ. ಎರಡರ ಅಚ್ಚುಕಟ್ಟು ಬೇರೆ ಬೇರೆ. ಆದರೆ 'ಹಾರಂಗಿ ಎಡದಂಡೆಯ ಜಲಾಶಯವೋ, ಬಲದಂಡೆಯ ಜಲಾಶಯವೋ' ಎಂದು ಯಾರಾದರೂ ಕೇಳಿದರೆ ರೈತರು ನಕ್ಕುಬಿಡುತ್ತಾರೆ. ನೀರು ಒಂದೇ, ನಾಲೆಗಳು ಎರಡು.

ಮಿದುಳಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ನಮ್ಮ ತಲೆಬುರುಡೆಯೊಳಗೆ ಸುಮಾರು 1300ರಿಂದ 1400 ಗ್ರಾಂ ತೂಗುವ ಮಿದುಳು ಇದೆ. ಅದರ ದೊಡ್ಡ ಭಾಗ ಅಕ್ರೋಟಿನ ತಿರುಳಿನಂತೆ ಎರಡು ಹೋಳಾಗಿದೆ. ಒಂದೊಂದು ಹೋಳಿಗೆ ಅರ್ಧಗೋಳ ಎಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದವರು ಈ ಎರಡು ಅರ್ಧಗೋಳಗಳನ್ನು ಕಣ್ಣಾರೆ ನೋಡಬಹುದು.

ಎರಡೂ ಹೋಳುಗಳನ್ನು ನಡುವೆ ಒಂದು ದಪ್ಪ ನರತಂತುಗಳ ಸೇತುವೆ ಜೋಡಿಸುತ್ತದೆ. ಅದರಲ್ಲಿ ಸುಮಾರು 20 ಕೋಟಿ ತಂತುಗಳಿವೆ. ಎಡಕ್ಕೆ ಗೊತ್ತಾದದ್ದು ಕಣ್ಣುಮಿಟುಕಿಸುವುದರೊಳಗೆ ಬಲಕ್ಕೂ ಗೊತ್ತಾಗುತ್ತದೆ. ಇನ್ನೊಂದು ವಿಶೇಷವೆಂದರೆ ಹತೋಟಿ ಅದಲುಬದಲು. ದೇಹದ ಬಲಭಾಗವನ್ನು ಎಡ ಅರ್ಧಗೋಳ ನಡೆಸುತ್ತದೆ, ಎಡಭಾಗವನ್ನು ಬಲ ಅರ್ಧಗೋಳ ನಡೆಸುತ್ತದೆ.

ಕೆಲಸದ ಹಂಚಿಕೆ ಗೊತ್ತಾದದ್ದು ಹೇಗೆ?

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅವರ ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿದ್ದ. ಇತರರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಆದರೆ ಬಾಯಿ ತೆರೆದರೆ 'ಟಾನ್' ಎಂಬ ಒಂದೇ ಶಬ್ದ. ಆತ ತೀರಿಕೊಂಡ ಮೇಲೆ ಬ್ರೋಕಾ ಮಿದುಳನ್ನು ಪರೀಕ್ಷಿಸಿದಾಗ ಎಡ ಅರ್ಧಗೋಳದ ಮುಂಭಾಗದಲ್ಲಿ ಹಾನಿ ಕಾಣಿಸಿತು. ಇಂಥ ಇನ್ನಷ್ಟು ರೋಗಿಗಳನ್ನು ನೋಡಿದ ಮೇಲೆ, ಮಾತಾಡುವ ಶಕ್ತಿಗೂ ಎಡ ಮಿದುಳಿಗೂ ನಂಟಿದೆ ಎಂದು ಅವರು ಸಾರಿದರು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಮಾತನ್ನು ಅರ್ಥಮಾಡಿಕೊಳ್ಳುವ ಕೇಂದ್ರವೂ ಎಡಗಡೆಯಲ್ಲೇ ಸ್ವಲ್ಪ ಹಿಂದೆ ಇದೆ ಎಂದು ತೋರಿಸಿದರು.

ಬಲ ಮಿದುಳಿನ ಸರದಿ ಬಂದದ್ದು ಒಂದು ಶತಮಾನದ ನಂತರ. 1960ರ ದಶಕದಲ್ಲಿ ಅಮೆರಿಕದಲ್ಲಿ ತೀವ್ರ ಮೂರ್ಛೆರೋಗದ ಕೆಲವರಿಗೆ, ಬೇರೆ ದಾರಿಯಿಲ್ಲದೆ, ಎರಡೂ ಅರ್ಧಗೋಳಗಳ ನಡುವಿನ ಸೇತುವೆಯನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ ಮಾಡಿದರು. ಆ ರೋಗಿಗಳನ್ನು ರೋಜರ್ ಸ್ಪೆರ್ರಿ ಮತ್ತು ಸಂಗಡಿಗರು ಪರೀಕ್ಷಿಸಿದರು. ಒಂದು ಚಮಚದ ಚಿತ್ರವನ್ನು ಬಲ ಅರ್ಧಗೋಳಕ್ಕೆ ಮಾತ್ರ ಕಾಣುವಂತೆ ಕ್ಷಣಕಾಲ ತೋರಿಸಿದರೆ, ರೋಗಿ 'ಏನೂ ಕಾಣಲಿಲ್ಲ' ಎನ್ನುತ್ತಿದ್ದ. ಏಕೆಂದರೆ ಮಾತಾಡುವ ಎಡ ಅರ್ಧಗೋಳಕ್ಕೆ ಸುದ್ದಿ ತಲುಪಿರಲಿಲ್ಲ. ಆದರೆ ಎಡಗೈಗೆ ಪರದೆಯ ಹಿಂದೆ ಹತ್ತು ವಸ್ತುಗಳನ್ನು ಕೊಟ್ಟರೆ ಅದು ತಡಕಾಡಿ ಚಮಚವನ್ನೇ ಎತ್ತುತ್ತಿತ್ತು! ಈ ಸಂಶೋಧನೆಗೆ ಸ್ಪೆರ್ರಿ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಹೀಗೆ ತಿಳಿದುಬಂದ ಹಂಚಿಕೆ ಸ್ಥೂಲವಾಗಿ ಇದು. ಹೆಚ್ಚಿನವರಲ್ಲಿ ಮಾತು, ವ್ಯಾಕರಣ, ಓದು-ಬರಹಗಳ ಮುಖ್ಯ ಕೇಂದ್ರ ಎಡಗಡೆ. ಮುಖ ಗುರುತಿಸುವುದು, ದಾರಿ-ದಿಕ್ಕು-ದೂರಗಳ ಅಂದಾಜು, ಮಾತಿನ ಏರಿಳಿತದಲ್ಲಿರುವ ಕೋಪ-ಅಕ್ಕರೆಗಳನ್ನು ಗ್ರಹಿಸುವುದು, ಸುತ್ತಲಿನ ಎರಡೂ ಕಡೆ ಗಮನವಿಡುವುದು ಇವುಗಳಲ್ಲಿ ಬಲಗಡೆಯ ಪಾಲು ದೊಡ್ಡದು. 'ಬಾರಪ್ಪ ಬಾ' ಎಂಬ ಮಾತಿನ ಅರ್ಥ ಎಡ ಮಿದುಳಿಗೆ ತಿಳಿಯುತ್ತದೆ. ಅದು ಪ್ರೀತಿಯ ಕರೆಯೋ, ಬೆದರಿಕೆಯೋ ಎಂಬುದನ್ನು ಹೇಳಲು ಬಲ ಮಿದುಳಿನ ನೆರವು ಬೇಕು.

ಅಳೆಯುವ ನಾಲ್ಕು ವಿಧಾನಗಳು

1. ಕೈಗಳ ಲೆಕ್ಕ: ಇದು ಅತಿ ಸುಲಭದ್ದು. 1971ರಲ್ಲಿ ಬ್ರಿಟನ್ನಿನ ಓಲ್ಡ್‌ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬರೆಯಲು, ಚಿತ್ರ ಬಿಡಿಸಲು, ಚೆಂಡು ಎಸೆಯಲು, ಕತ್ತರಿ ಹಿಡಿಯಲು, ಹಲ್ಲುಜ್ಜಲು, ಚಾಕು ಹಿಡಿಯಲು, ಚಮಚ ಹಿಡಿಯಲು ಯಾವ ಕೈ? ಕಸಬರಿಕೆ ಹಿಡಿದಾಗ ಮೇಲಿರುವ ಕೈ ಯಾವುದು? ಬೆಂಕಿಕಡ್ಡಿ ಗೀರುವ ಕೈ, ಡಬ್ಬಿಯ ಮುಚ್ಚಳ ತೆಗೆಯುವ ಕೈ ಯಾವುದು?

ಲೆಕ್ಕ ಸರಳವಾಗಿ ಹೀಗೆ. ಬಲಗೈಯ ಕೆಲಸಗಳಿಂದ ಎಡಗೈಯ ಕೆಲಸಗಳನ್ನು ಕಳೆಯಿರಿ. ಅದನ್ನು ಒಟ್ಟು ಕೆಲಸಗಳಿಂದ ಭಾಗಿಸಿ ನೂರರಿಂದ ಗುಣಿಸಿ. ಎಂಟು ಕೆಲಸ ಬಲಗೈಯಲ್ಲಿ, ಎರಡು ಎಡಗೈಯಲ್ಲಿ ಆದರೆ ಉತ್ತರ 60. ಪೂರ್ತಿ ಬಲಗೈಯವರಿಗೆ 100, ಪೂರ್ತಿ ಎಡಚರಿಗೆ ಮೈನಸ್ 100. ನಿಮ್ಮ ಮನೆಯವರೆಲ್ಲ ಕೂತು ಮಾಡಿನೋಡಿ. ನೂರಕ್ಕೆ ನೂರು ಬರುವವರೂ ಇರುತ್ತಾರೆ, ನಡುವೆ ನಿಲ್ಲುವವರೂ ಇರುತ್ತಾರೆ.

ನಮ್ಮಲ್ಲಿ ಒಂದು ಎಚ್ಚರ ಬೇಕು. ಊಟ ಮಾಡುವುದು, ಪ್ರಸಾದ ತೆಗೆದುಕೊಳ್ಳುವುದು, ಹಣ ಕೊಡುವುದು ಇವೆಲ್ಲ ಬಲಗೈಯಿಂದಲೇ ಆಗಬೇಕೆಂದು ಚಿಕ್ಕಂದಿನಿಂದ ಕಲಿಸುತ್ತೇವೆ. ಆದ್ದರಿಂದ ತುತ್ತು ಎತ್ತುವ ಕೈ ನೋಡಿ ಏನನ್ನೂ ತೀರ್ಮಾನಿಸಲಾಗದು. ಯಾರೂ ಹೇಳಿಕೊಡದ ಕೆಲಸಗಳನ್ನು ಗಮನಿಸಬೇಕು. ಕಲ್ಲು ಎಸೆಯುವ ಕೈ, ಮುಚ್ಚಳ ತಿರುಗಿಸುವ ಕೈ ಸುಳ್ಳು ಹೇಳುವುದಿಲ್ಲ.

ಹಾರಂಗಿ ನದಿ ಕಾವೇರಿಯನ್ನು ಸೇರುವ ಕೂಡಿಗೆಯಲ್ಲಿ ಸರ್ಕಾರಿ ಕ್ರೀಡಾಶಾಲೆಯಿದೆ. ಅಲ್ಲಿ ಹಾಕಿ ಆಡುವ ಮಕ್ಕಳನ್ನು ನೋಡಿದರೆ ಇನ್ನೊಂದು ಸ್ವಾರಸ್ಯ ತಿಳಿಯುತ್ತದೆ. ಹಾಕಿ ಸ್ಟಿಕ್ಕಿನ ಚಪ್ಪಟೆ ಮುಖ ಎಡಗಡೆಗೆ ಮಾತ್ರ. ಎಡಗೈ ಆಟಗಾರರಿಗೆಂದು ಬೇರೆ ಸ್ಟಿಕ್ಕು ಬಳಸಲು ನಿಯಮ ಒಪ್ಪುವುದಿಲ್ಲ. ಹಾಗಾಗಿ ಎಡಚರೂ ಬಲಗೈಯವರಂತೆಯೇ ಆಡಬೇಕು. ಆದರೆ ಸ್ಟಿಕ್ಕಿನ ತುದಿಯಲ್ಲಿ ಮೇಲೆ ಇರುವುದು ಎಡಗೈ. ಚೆಂಡನ್ನು ಅತ್ತಿತ್ತ ಆಡಿಸುವಾಗ ಸ್ಟಿಕ್ಕನ್ನು ತಿರುವುವುದು ಅದೇ ಎಡಗೈ. ಅಂದರೆ ಆ ನಾಜೂಕಿನ ಕೆಲಸಕ್ಕೆ ಅಪ್ಪಣೆ ಬರುವುದು ಬಲ ಮಿದುಳಿನಿಂದ. ಕೆಳಗೆ ಬಲಗೈ ಆಸರೆ ಕೊಡುತ್ತದೆ, ಹೊಡೆತಕ್ಕೆ ಬಲ ತುಂಬುತ್ತದೆ. ಕೊಡಗು ನಾಡಿಗೆ ಕೊಟ್ಟ ಅಷ್ಟೊಂದು ಹಾಕಿ ಆಟಗಾರರಲ್ಲಿ ಯಾರನ್ನು 'ಎಡ ಮಿದುಳಿನವರು', ಯಾರನ್ನು 'ಬಲ ಮಿದುಳಿನವರು' ಎನ್ನೋಣ? ಎರಡೂ ಕೂಡದೆ ಗೋಲೇ ಇಲ್ಲ.

2. ಕಿವಿಗಳ ಪೈಪೋಟಿ: ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ, ಒಂದೇ ಕ್ಷಣದಲ್ಲಿ ಎಡಕಿವಿಗೆ 'ಬ' ಎಂದೂ ಬಲಕಿವಿಗೆ 'ಗ' ಎಂದೂ ಕೇಳಿಸುತ್ತಾರೆ. 'ಏನು ಕೇಳಿಸಿತು?' ಎಂದರೆ ಹೆಚ್ಚಿನವರು ಬಲಕಿವಿಗೆ ಬಂದದ್ದನ್ನೇ ಹೆಚ್ಚು ಸಲ ಸರಿಯಾಗಿ ಹೇಳುತ್ತಾರೆ. ಬಲಕಿವಿಯ ದೊಡ್ಡ ದಾರಿ ನೇರ ಎಡ ಮಿದುಳಿಗೆ, ಅಂದರೆ ಮಾತಿನ ಕೇಂದ್ರದ ಕಡೆಗೆ ಹೋಗುವುದೇ ಕಾರಣ. ಈ ವಿಧಾನದಿಂದ ಮಾತಿನ ಕೇಂದ್ರ ಯಾವ ಕಡೆಯಿದೆ ಎಂದು ಅಂದಾಜಿಸಬಹುದೆಂದು 1961ರಲ್ಲಿ ಕೆನಡಾದ ಡೋರೀನ್ ಕಿಮೂರಾ ತೋರಿಸಿದರು. ನಮ್ಮ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥ ಪರೀಕ್ಷೆಗಳ ಮೇಲೆ ಕೆಲಸ ನಡೆದಿದೆ. ಅಲ್ಲಿ ಇದರ ಬಳಕೆ ಮಗುವಿನ ಭವಿಷ್ಯ ಹೇಳಲು ಅಲ್ಲ. ಕಿವಿ ಸರಿಯಿದ್ದೂ ಗದ್ದಲದಲ್ಲಿ ಮಾತು ತಿಳಿಯದ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ತೊಂದರೆ ಎಲ್ಲಿದೆ ಎಂದು ಹುಡುಕಲು.

3. ಅರ್ಧ ಮಿದುಳನ್ನು ಮಲಗಿಸುವುದು: ಇದು ಆಸ್ಪತ್ರೆಯ ಪರೀಕ್ಷೆ. 1949ರಲ್ಲಿ ಜಪಾನಿನ ವೈದ್ಯ ಜುನ್ ವಾಡಾ ವಿವರಿಸಿದ್ದರಿಂದ ಇದಕ್ಕೆ 'ವಾಡಾ ಪರೀಕ್ಷೆ' ಎಂದು ಹೆಸರು. ತೆಳುವಾದ ನಳಿಕೆಯ ಮೂಲಕ ಮಿದುಳಿನ ಒಂದು ಕಡೆಗೆ ರಕ್ತ ಒಯ್ಯುವ ಕತ್ತಿನ ಧಮನಿಗೆ ಅರಿವಳಿಕೆ ಔಷಧಿ ಬಿಡುತ್ತಾರೆ. ಕೆಲವು ನಿಮಿಷ ಮಿದುಳಿನ ಆ ಅರ್ಧ ಮಲಗುತ್ತದೆ. ವಿರುದ್ಧ ಕಡೆಯ ಕೈ ಧೊಪ್ಪನೆ ಬೀಳುತ್ತದೆ. ಆಗ ಚಿತ್ರ ತೋರಿಸಿ ಹೆಸರು ಕೇಳುತ್ತಾರೆ, ಎಣಿಸಲು ಹೇಳುತ್ತಾರೆ. ಮಾತು ನಿಂತರೆ, ಮಲಗಿದ ಕಡೆಯೇ ಮಾತಿನ ಕೇಂದ್ರ. ಆಮೇಲೆ ಇನ್ನೊಂದು ಕಡೆ ಪರೀಕ್ಷೆ.

4. ಸ್ಕ್ಯಾನ್: ಎಂ.ಆರ್.ಐ. ಯಂತ್ರದಲ್ಲೇ ಕೆಲಸ ಮಾಡುತ್ತಿರುವ ಮಿದುಳನ್ನು ನೋಡುವ ವಿಧಾನ 1990ರ ದಶಕದ ಆರಂಭದಲ್ಲಿ ಬಂತು. ರೋಗಿ ಒಳಗೆ ಮಲಗಿ, 'ಕ' ಅಕ್ಷರದಿಂದ ಆರಂಭವಾಗುವ ಪದಗಳನ್ನು ಮನಸ್ಸಿನಲ್ಲೇ ನೆನೆಯುತ್ತಾನೆ. ಕೆಲಸ ಮಾಡುವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಅದನ್ನು ಗುರುತಿಸುತ್ತದೆ. ಎಡ-ಬಲಗಳ ವ್ಯತ್ಯಾಸವನ್ನು, ಕೈಗಳ ಲೆಕ್ಕದಂತೆಯೇ, ಒಂದು ಸಂಖ್ಯೆಯಾಗಿ ಬರೆಯುತ್ತಾರೆ. ಚುಚ್ಚುವ ಕಷ್ಟವಿಲ್ಲದ್ದರಿಂದ ಈಗ ಅನೇಕ ಕಡೆ ವಾಡಾ ಪರೀಕ್ಷೆಯ ಬದಲು ಇದನ್ನೇ ಮಾಡುತ್ತಾರೆ.

ಇದು ಯಾರಿಗೆ ಬೇಕು?

ಈ ದೊಡ್ಡ ಪರೀಕ್ಷೆಗಳು ಆರೋಗ್ಯವಂತ ಮಕ್ಕಳಿಗೆ ಬೇಕಿಲ್ಲ. ಔಷಧಿಗಳಿಗೆ ಬಗ್ಗದ ಮೂರ್ಛೆರೋಗಕ್ಕೋ, ಮಿದುಳಿನ ಗೆಡ್ಡೆಗೋ ಶಸ್ತ್ರಚಿಕಿತ್ಸೆ ಮಾಡಬೇಕಾದವರಿಗೆ ಬೇಕು. ನಿಮ್ಹಾನ್ಸ್‌ನಂಥ ಕೇಂದ್ರಗಳಲ್ಲಿ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಮೂರ್ಛೆ ಹುಟ್ಟುವ ಜಾಗದ ಪಕ್ಕದಲ್ಲೇ ಮಾತಿನ ಕೇಂದ್ರವೂ ಇದ್ದರೆ, ಕತ್ತಿ ಒಂದಿಷ್ಟು ಆಚೀಚೆಯಾದರೂ ರೋಗ ಹೋಗಿ ಮಾತೂ ಹೋದೀತು. ಆದ್ದರಿಂದ ಮೊದಲೇ ಅಳೆದು ನಕ್ಷೆ ಹಾಕಿಕೊಳ್ಳುತ್ತಾರೆ. 'ಈ ರೋಗಿಯಲ್ಲಿ ಮಾತು ಯಾವ ಕಡೆಯಿದೆ?' ಎಂಬುದು ಅವರ ಪ್ರಶ್ನೆ. 'ಈತ ಎಂಥ ಮನುಷ್ಯ?' ಎಂಬುದಲ್ಲ. ಈ ಎರಡು ಪ್ರಶ್ನೆಗಳನ್ನು ಬೆರೆಸಿದ್ದರಿಂದಲೇ ಎಲ್ಲ ಗೊಂದಲ ಹುಟ್ಟಿದೆ.

ಎಡಚರ ಮಿದುಳು ತಿರುಗುಮುರುಗೇ?

ಹಾಗೆಂದು ಬಹಳ ಜನ ತಿಳಿದಿದ್ದಾರೆ. ನಿಜ ಬೇರೆ. ಮನುಷ್ಯರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಬಲಗೈಯವರು. ಅವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಮಾತಿನ ಕೇಂದ್ರ ಎಡಗಡೆ. ಎಡಚರಲ್ಲೂ ನೂರಕ್ಕೆ ಸುಮಾರು 70 ಮಂದಿಗೆ ಅದು ಎಡಗಡೆಯೇ ಇರುತ್ತದೆ. ಉಳಿದವರಲ್ಲಿ ಕೆಲವರಿಗೆ ಬಲಗಡೆ, ಕೆಲವರಿಗೆ ಎರಡೂ ಕಡೆ. ಆದ್ದರಿಂದ ಕೈ ನೋಡಿ ಮಿದುಳು ಹೇಳಲಾಗದು. ಎಡಚ ಮಕ್ಕಳೆಲ್ಲ ಕಲಾವಿದರಾಗುತ್ತಾರೆ ಎಂಬುದಕ್ಕೂ ಆಧಾರವಿಲ್ಲ, ಅವರು ದಡ್ಡರು ಎಂಬುದಕ್ಕೂ ಆಧಾರವಿಲ್ಲ.

ಕುಶಾಲನಗರದ ಸುತ್ತಮುತ್ತ ಒಂದೇ ಬೀದಿಯಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಕೇಳಿಬರುತ್ತವೆ. ಪಕ್ಕದ ಬೈಲಕುಪ್ಪೆಯಲ್ಲಿ ಟಿಬೆಟನ್ ಇದೆ. 'ಮನೆಮಾತು ಒಂದು ಕಡೆ, ಶಾಲೆಯ ಮಾತು ಇನ್ನೊಂದು ಕಡೆ ಸೇರಿಕೊಂಡು ಮಗುವಿಗೆ ಗೊಂದಲವಾಗುವುದಿಲ್ಲವೇ?' ಎಂಬ ಅನುಮಾನ ಕೆಲವರಿಗಿದೆ. ಇಲ್ಲ. ಎಷ್ಟೇ ಭಾಷೆ ಕಲಿತರೂ ಹೆಚ್ಚಿನವರಲ್ಲಿ ಎಲ್ಲವೂ ಎಡ ಮಿದುಳಿನ ಅದೇ ಜಾಲವನ್ನೇ ಮುಖ್ಯವಾಗಿ ಬಳಸುತ್ತವೆ. ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಿಗೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ರೋಗ ಕಾಣಿಸಿಕೊಂಡಿತ್ತು. ಆದ್ದರಿಂದ ಮಕ್ಕಳಿಗೆ ಮನೆಮಾತು ಬಿಡಿಸಬೇಡಿ.

'ಎಡ ಮಿದುಳಿನ ಸ್ವಭಾವ' ಎಂಬುದು ಇದೆಯೇ?

ಇದನ್ನೂ ನೇರವಾಗಿ ಪರೀಕ್ಷಿಸಿದ್ದಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 7ರಿಂದ 29 ವರ್ಷದೊಳಗಿನ 1,011 ಮಂದಿಯ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಕೆಲವು ಕೆಲಸಗಳಿಗೆ ಎಡದ ಜಾಲ ಬಲವಾಗಿತ್ತು, ಕೆಲವಕ್ಕೆ ಬಲದ ಜಾಲ. ಆದರೆ ಒಬ್ಬ ವ್ಯಕ್ತಿಯ ಇಡೀ ಎಡ ಮಿದುಳು ಅಥವಾ ಇಡೀ ಬಲ ಮಿದುಳು ಹೆಚ್ಚು ಪ್ರಬಲವಾಗಿರುವ ಲಕ್ಷಣ ಕಾಣಲಿಲ್ಲ. ಲೆಕ್ಕ ಮಾಡುವಾಗಲೂ ಹಾಡು ಹೇಳುವಾಗಲೂ ಎರಡೂ ಅರ್ಧಗೋಳಗಳು ದುಡಿಯುತ್ತಲೇ ಇರುತ್ತವೆ.

ಇನ್ನು ಬೆರಳ ಗುರುತಿನ ಮಾತು. ಬೆರಳ ಗೆರೆಗಳು ಗರ್ಭದ ಮೂರನೆಯ ತಿಂಗಳ ಹೊತ್ತಿಗೆ ಮೂಡತೊಡಗಿ, ಹುಟ್ಟುವ ಮೊದಲೇ ಸ್ಥಿರವಾಗುತ್ತವೆ. ಆಮೇಲೆ ಬದಲಾಗುವುದಿಲ್ಲ. ಆದ್ದರಿಂದಲೇ ಪೊಲೀಸರಿಗೆ ಅವು ಉಪಯುಕ್ತ. ಮಿದುಳಾದರೋ ಹುಟ್ಟಿದ ಮೇಲೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೆಳೆಯುತ್ತದೆ, ಕಲಿತಂತೆಲ್ಲ ಬದಲಾಗುತ್ತದೆ. ಬದಲಾಗದ ಗೆರೆಯಿಂದ ಬದಲಾಗುತ್ತಲೇ ಇರುವ ಮಿದುಳನ್ನು ಓದುವುದು ಹೇಗೆ? ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2019ರಲ್ಲೇ ಸ್ಪಷ್ಟಪಡಿಸಿದೆ.

'ನಡುಮಿದುಳನ್ನು ಎಬ್ಬಿಸುವ' ತರಬೇತಿಯೂ ಇದರ ಸೋದರ. ಎಡ-ಬಲ ಮಿದುಳುಗಳನ್ನು ಸಮ ಮಾಡುತ್ತೇವೆ, ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತದೆ ಎನ್ನುತ್ತಾರೆ. ನಡುಮಿದುಳು ಎಂಬುದು ಮಿದುಳಿನ ಕಾಂಡದ ಸುಮಾರು ಎರಡು ಸೆಂಟಿಮೀಟರ್ ಉದ್ದದ ಭಾಗ. ಕಣ್ಣಿನ ಚಲನೆ ಮುಂತಾದವು ಅದರ ಕೆಲಸ. ಅದು ಮಲಗಿದ್ದರೆ ಮಗು ಎದ್ದೇ ಇರುತ್ತಿರಲಿಲ್ಲ! ಕಣ್ಣುಪಟ್ಟಿ ಕಟ್ಟಿದಾಗ ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುವುದಷ್ಟೇ ಇಲ್ಲಿನ ಗುಟ್ಟು ಎಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರುಗಳಲ್ಲಿ ತಿಳಿಹೇಳಿದ್ದಾರೆ. ಹಣ ಹೋದದ್ದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಇಣುಕಿ ನೋಡಿ 'ಕಾಣುವುದಿಲ್ಲ' ಎಂದು ಹೇಳುವುದನ್ನು ಮಗು ಕಲಿಯುತ್ತದೆ.

ಹಾಗಿದ್ದರೆ ವರದಿ 'ಸರಿಯಾಗಿದೆ' ಎಂದು ಅನೇಕರಿಗೆ ಅನಿಸುವುದೇಕೆ? 'ನಿಮ್ಮ ಮಗುವಿಗೆ ಪ್ರತಿಭೆಯಿದೆ, ಆದರೆ ಏಕಾಗ್ರತೆ ಕಡಿಮೆ' ಎಂದು ಬರೆದರೆ ಯಾವ ತಾಯಿ ತಾನೆ ಅಲ್ಲವೆನ್ನುತ್ತಾಳೆ? ಎಲ್ಲರಿಗೂ ಹೊಂದುವ ಮಾತು ನಮಗೇ ಹೇಳಿದಂತೆ ತೋರುತ್ತದೆ. ಅಪಾಯವಿರುವುದು ಮುಂದೆ. 'ನೀನು ಬಲ ಮಿದುಳಿನವಳು, ಲೆಕ್ಕ ನಿನಗೆ ಹತ್ತುವುದಿಲ್ಲ' ಎಂದು ಹತ್ತು ವರ್ಷದ ಹುಡುಗಿಗೆ ಒಮ್ಮೆ ಹೇಳಿಬಿಟ್ಟರೆ, ಅವಳು ಅದನ್ನೇ ನಂಬಿ ಪ್ರಯತ್ನ ಬಿಡುತ್ತಾಳೆ. ಲೆಕ್ಕ ನಿಜವಾಗಿಯೂ ಕಷ್ಟವಾಗಿದ್ದರೆ, ಅಡಿಪಾಯದ ಪಾಠ ತಪ್ಪಿದೆಯೇ, ಕಣ್ಣು-ಕಿವಿ ಸರಿಯಿವೆಯೇ, ಕಲಿಕೆಯ ನ್ಯೂನತೆ ಏನಾದರೂ ಇದೆಯೇ ಎಂದು ನೋಡಬೇಕು. ಅದಕ್ಕೆ ಶಿಕ್ಷಕರು, ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು ಇದ್ದಾರೆ.

ಲಕ್ವ ಹೊಡೆದಾಗ ಎಡ-ಬಲ

ಎಡ-ಬಲಗಳ ತಿಳಿವಳಿಕೆ ಪ್ರತಿ ಕುಟುಂಬಕ್ಕೂ ನಿಜವಾಗಿ ಉಪಯೋಗಕ್ಕೆ ಬರುವ ಸಂದರ್ಭ ಒಂದಿದೆ. ಅದು ಲಕ್ವ, ಅಂದರೆ ಪಾರ್ಶ್ವವಾಯು.

ಎಡ ಮಿದುಳಿಗೆ ರಕ್ತ ನಿಂತರೆ ಬಲಗೈ-ಬಲಗಾಲು ಸೋಲುತ್ತವೆ. ಸಾಮಾನ್ಯವಾಗಿ ಮಾತೂ ತೊದಲುತ್ತದೆ ಅಥವಾ ನಿಲ್ಲುತ್ತದೆ. ಮನೆಯವರು ಗಾಬರಿಯಾಗಿ ಕೂಡಲೇ ಆಸ್ಪತ್ರೆಗೆ ಓಡುತ್ತಾರೆ. ಬಲ ಮಿದುಳಿಗೆ ರಕ್ತ ನಿಂತರೆ ಸೋಲುವುದು ಎಡಗೈ-ಎಡಗಾಲು. ಮಾತು ಬಹುಮಟ್ಟಿಗೆ ಸರಿಯಾಗಿಯೇ ಇರಬಹುದು. ಅದಕ್ಕಿಂತ ವಿಚಿತ್ರವೆಂದರೆ, ತನ್ನ ಎಡಗೈಗೆ ಶಕ್ತಿಯಿಲ್ಲ ಎಂಬುದೇ ಕೆಲವು ರೋಗಿಗಳ ಅರಿವಿಗೆ ಬರುವುದಿಲ್ಲ. 'ನನಗೇನೂ ಆಗಿಲ್ಲ, ಸ್ವಲ್ಪ ಮಲಗಿದರೆ ಸರಿಹೋಗುತ್ತೆ' ಎನ್ನುತ್ತಾರೆ. ತಟ್ಟೆಯ ಬಲಭಾಗದ ಅನ್ನ ತಿಂದು ಎಡಭಾಗವನ್ನು ಬಿಡುತ್ತಾರೆ. ಎಡಗಡೆ ನಿಂತು ಮಾತಾಡಿಸಿದರೆ ಗಮನ ಕೊಡುವುದಿಲ್ಲ. ಅಜ್ಜ ಸರಿಯಾಗಿ ಮಾತಾಡುತ್ತಿದ್ದಾರಲ್ಲ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

ರಕ್ತ ಹೆಪ್ಪುಗಟ್ಟಿ ಬಂದ ಲಕ್ವದಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ರಕ್ತಸ್ರಾವದಿಂದ ಬಂದ ಲಕ್ವ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕುಶಾಲನಗರದ ಕಡೆಯವರಿಗೆ ಮಡಿಕೇರಿ ಸುಮಾರು 30 ಕಿ.ಮೀ., ಮೈಸೂರು ಸುಮಾರು 90 ಕಿ.ಮೀ. ಮಳೆಗಾಲದ ರಸ್ತೆ ಬೇರೆ. ಆದ್ದರಿಂದ ಹೊರಡುವ ನಿರ್ಧಾರ ಮೊದಲ ಐದು ನಿಮಿಷದಲ್ಲೇ ಆಗಬೇಕು.

ಅನುಮಾನ ಬಂದರೆ ಹೀಗೆ ನೋಡಿ:

* ನಗಲು ಹೇಳಿ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆಯೇ?
* ಎರಡೂ ಕೈ ಮುಂದಕ್ಕೆ ಎತ್ತಿ ಹಿಡಿಯಲು ಹೇಳಿ. ಒಂದು ಕೈ ಇಳಿಯುತ್ತದೆಯೇ?
* ಒಂದು ಪುಟ್ಟ ವಾಕ್ಯ ಹೇಳಿಸಿ. ತೊದಲುತ್ತಾರೆಯೇ? ಮಾತು ಸರಿಯಿದೆ ಎಂದು ಮಾತ್ರಕ್ಕೆ ಲಕ್ವ ಅಲ್ಲವೆನ್ನಬೇಡಿ.
* ಒಮ್ಮೆಲೇ ನಡಿಗೆ ತಪ್ಪುವುದು, ದೃಷ್ಟಿ ಮಂಜಾಗುವುದು, ಒಂದು ಪಕ್ಕದ ವಸ್ತುಗಳನ್ನೇ ಗಮನಿಸದಿರುವುದು ಕೂಡ ಸೂಚನೆಗಳು.

ಒಂದು ಕಂಡರೂ 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಸಮಯ ಬರೆದಿಟ್ಟುಕೊಳ್ಳಿ. ಬಾಯಿಗೆ ನೀರು, ಕಾಫಿ, ಮಾತ್ರೆ ಯಾವುದನ್ನೂ ಹಾಕಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ.

ಎಡಗೈ ಮಕ್ಕಳ ತಂದೆತಾಯಿಗಳಿಗೆ

ಮಗುವಿಗೆ ಯಾವ ಕೈ ಒಗ್ಗುತ್ತದೆ ಎಂಬುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಸ್ಪಷ್ಟವಾಗುತ್ತದೆ. ಅದನ್ನು ಬಲವಂತದಿಂದ ಬದಲಿಸಬೇಡಿ. ಎಡಗೈಗೆ ಹೊಡೆಯುವುದು, ಬಟ್ಟೆ ಕಟ್ಟುವುದು ಕ್ರೌರ್ಯ. ಅದರಿಂದ ಅಕ್ಷರ ದುಂಡಾಗುವುದಿಲ್ಲ, ಅಂಜಿಕೆ ಮಾತ್ರ ಬೆಳೆಯುತ್ತದೆ. ಊಟಕ್ಕೆ, ದೇವರ ಕೆಲಸಕ್ಕೆ ಬಲಗೈ ಬಳಸಬೇಕೆಂಬುದು ಮನೆಯ ಪದ್ಧತಿಯಾದರೆ ಅದನ್ನು ಮೆಲ್ಲಗೆ ಕಲಿಸಿ. ಪೆನ್ಸಿಲ್ಲನ್ನು ಮಾತ್ರ ಅದರ ಇಷ್ಟದ ಕೈಗೇ ಬಿಡಿ. ಶಾಲೆಯ ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಪುಸ್ತಕವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಇಡಲು ಹೇಳಿ. ಬರೆದದ್ದು ಕಾಣುತ್ತದೆ, ಕೈಗೆ ಮಸಿ ಹತ್ತುವುದಿಲ್ಲ.

ಆದರೆ ಒಂದು ಮಾತು ಗಮನದಲ್ಲಿರಲಿ. ವರ್ಷ ತುಂಬುವ ಮೊದಲೇ ಮಗು ಸದಾ ಒಂದೇ ಕೈ ಬಳಸುತ್ತಿದ್ದರೆ, ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ, 'ನಮ್ಮ ಮಗು ಎಡಚ' ಎಂದು ಸಂತೋಷಪಡಬೇಡಿ. ಆ ಇನ್ನೊಂದು ಕೈಯಲ್ಲಿ ದೌರ್ಬಲ್ಯವಿರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ಪತ್ತೆಯಾದರೆ ವ್ಯಾಯಾಮ ಚಿಕಿತ್ಸೆಯಿಂದ ಬಹಳಷ್ಟು ಸುಧಾರಣೆ ಸಾಧ್ಯ. ಹಾಗೆಯೇ ದೊಡ್ಡ ಮಗು ಅಥವಾ ಹಿರಿಯರು ಏಕಾಏಕಿ ಕೈ ಬದಲಿಸಿದರೂ ವೈದ್ಯರ ಸಲಹೆ ಬೇಕು.

ಎಡ-ಬಲದ ಹೆಸರಿನಲ್ಲಿ ಯಾರಾದರೂ ನಿಮ್ಮ ಮಗುವಿನ ಮಿದುಳನ್ನು ಅಳೆಯಲು ಬಂದರೆ, 'ಇದರಿಂದ ಯಾವ ಕಾಯಿಲೆಗೆ ಚಿಕಿತ್ಸೆ ಮಾಡುತ್ತೀರಿ?' ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಹಣವನ್ನು ಮಗುವಿಗೆ ಒಂದು ಹಾಕಿ ಸ್ಟಿಕ್ಕೋ, ಬಣ್ಣದ ಪೆಟ್ಟಿಗೆಯೋ, ನಾಲ್ಕು ಕಥೆಪುಸ್ತಕವೋ ಕೊಡಿಸಲು ಬಳಸಿ. ಅವು ಮಿದುಳಿನ ಎರಡೂ ಕಡೆಗೆ ಕೆಲಸ ಕೊಡುತ್ತವೆ.